ಅಭ್ಯಾಸಬಲ: ಅಮೃತಮಹಲಿನ ಚರಿತ್ರೆಯಿಂದ ಒಂದು ಪಾಠ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಮತ್ತೊಂದುಂಟು. ಮೊದಲನೆಯದನ್ನು ನಂಬಿದರೆ ಕಲಿಸುವವರ ಶ್ರಮವೆಲ್ಲ ವ್ಯರ್ಥ. ಎರಡನೆಯದನ್ನು ನಂಬಿದರೆ ಎಳೆತನದಲ್ಲಿ ಬಗ್ಗಿಸುವ ಕೈಯೊಂದಿದ್ದರೆ ಯಾವ ಗುಣವನ್ನಾದರೂ ತಂದುಕೊಡಬಹುದು. ಮನೆಯಲ್ಲಿ ಮಕ್ಕಳ ಮಾತು ಬಂದಾಗ ನಾವು ಬೆಳಗ್ಗೆ ಒಂದು ಗಾದೆಯನ್ನು ಹೇಳಿ ಸಂಜೆ ಮತ್ತೊಂದನ್ನು ಹೇಳುತ್ತೇವೆ. ಈ ಎರಡರ ವ್ಯಾಜ್ಯವನ್ನು ತೀರ್ಮಾನಿಸಲು ಚರಿತ್ರೆಯಲ್ಲಿ ಸಾಕ್ಷ್ಯವೇನಾದರೂ ಉಂಟೇ ಎಂದು ಕೇಳಿದರೆ, ಗ್ರೀಸಿಗೂ ರೋಮಿಗೂ ಹೋಗಬೇಕಾದ ಅಗತ್ಯವಿಲ್ಲ. ಮೈಸೂರು ಸೀಮೆಯ ಹುಲ್ಲುಗಾವಲುಗಳಲ್ಲಿ ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದ ಒಂದು ದೊಡ್ಡ ಏರ್ಪಾಡಿನಲ್ಲಿ ಆ ಸಾಕ್ಷ್ಯವಿದೆ. ಅದೇ ಅಮೃತಮಹಲಿನ ಏರ್ಪಾಡು.

ವಿಷಯಕ್ಕೆ ಪ್ರವೇಶಿಸುವ ಮುನ್ನ ಒಂದು ಸಣ್ಣ ಸಂಗತಿಯನ್ನು ಹೇಳಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನು ೧೮೯೦ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಅಭ್ಯಾಸವನ್ನು ಕುರಿತು ಒಂದು ಅಧ್ಯಾಯವನ್ನು ಬರೆದಿದ್ದಾನೆ. ಅಭ್ಯಾಸವು ಸ್ವಭಾವಕ್ಕಿಂತ ಹತ್ತುಪಾಲು ಬಲವಾದುದೆಂಬ ಅಭಿಪ್ರಾಯವನ್ನು ಅಲ್ಲಿ ವೆಲಿಂಗ್ಟನ್ ಡ್ಯೂಕನ ಹೆಸರಿನಲ್ಲಿ ಹೇಳಿದ್ದಾನೆ. ಆ ಡ್ಯೂಕನು ಬೇರೆ ಯಾರೂ ಅಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರಿನಲ್ಲಿ ಕಂಪೆನಿಯ ದಂಡಿನ ನಾಯಕನಾಗಿದ್ದ ಆರ್ಥರ್ ವೆಲ್ಲೆಸ್ಲಿಯೇ. ಆತನ ತೋಪುಗಳನ್ನು ಎಳೆದವು ನಮ್ಮ ಅಮೃತಮಹಲಿನ ಎತ್ತುಗಳು. ಮುಂದೆ ಸ್ಪೇನ್ ದೇಶದಲ್ಲಿ ನೆಪೋಲಿಯನ್ನನ ಸೇನಾನಿಗಳೊಡನೆ ಹೋರಾಡುತ್ತಿದ್ದಾಗ, ಮೈಸೂರಿನ ಎತ್ತುಗಳು ತನಗೆ ಇಲ್ಲವಾದುವಲ್ಲಾ ಎಂದು ಆತನು ಪರಿತಪಿಸಿದನೆಂದು ಚರಿತ್ರಕಾರರು ಬರೆಯುತ್ತಾರೆ. ಅಭ್ಯಾಸದ ಬಲವನ್ನು ಆತನು ಸಿಪಾಯಿಗಳಲ್ಲಿ ಕಂಡಿದ್ದನು. ಈ ಎತ್ತುಗಳಲ್ಲಿಯೂ ಕಂಡಿರಲಾರನೆಂದು ಹೇಳುವಂತಿಲ್ಲ.

ಮೊದಲು ನೆಲವನ್ನು ನೋಡೋಣ. ಬೆಂಗಳೂರಿನಿಂದ ಉತ್ತರಕ್ಕೆ ಹೋಗುವ ರೈಲು ಕಡೂರನ್ನು ದಾಟಿ ಬೀರೂರನ್ನು ಸೇರಿದ ಮೇಲೆ ಹಾದಿ ಎರಡಾಗುತ್ತದೆ. ಒಂದು ತರೀಕೆರೆಯ ಮೂಲಕ ಶಿವಮೊಗ್ಗದ ಕಡೆಗೆ, ಮತ್ತೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ಕಡೆಗೆ ತಿರುಗುತ್ತದೆ. ೧೯೪೭ರವರೆಗೆ ಕಡೂರು ಜಿಲ್ಲೆಯೆಂದು ಹೆಸರಾಗಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಎರಡು ಮುಖಗಳೂ ಇಲ್ಲಿ ಕಾಣುತ್ತವೆ. ಪಶ್ಚಿಮದಲ್ಲಿ ಬಾಬಾಬುಡನ್ ಗಿರಿಗಳು ಮುಂಗಾರಿನ ಮೋಡಗಳನ್ನು ತಡೆದು ತಾವೇ ಕುಡಿದುಬಿಡುತ್ತವೆ. ತರೀಕೆರೆಯು ಕಾಡಿನ ಅಂಚಿನಲ್ಲಿದೆ. ಪೂರ್ವಕ್ಕೆ ಸರಿದಂತೆಲ್ಲ ಮಳೆ ಕಡಮೆಯಾಗುತ್ತ ಕಡೂರು ಅಜ್ಜಂಪುರಗಳಲ್ಲಿ ಬಯಲುಸೀಮೆಯು ತೆರೆದುಕೊಳ್ಳುತ್ತದೆ. ಅಲ್ಲಲ್ಲಿ ಜಾಲಿಯ ಮರ, ಕಲ್ಲುನೆಲ, ಮಳೆಗಾಲದಲ್ಲಿ ಚಿಗುರಿ ಬೇಸಗೆಯಲ್ಲಿ ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗುವ ಹುಲ್ಲು. ಪಯಣಿಗನ ಕಣ್ಣಿಗೆ ಇದು ಪಾಳುನೆಲವೆಂದೇ ತೋರುವುದು ಸಹಜ. ಆದರೆ ಈ ನೆಲಕ್ಕೆ ‘ಕಾವಲು’ ಎಂಬ ಹೆಸರಿದೆ. ಕಾದಿಟ್ಟ ನೆಲವೆಂದು ಅದರ ಅರ್ಥ.

ಹದಿನಾರನೆಯ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಬಳಿ ಹಳ್ಳಿಕಾರ್ ತಳಿಯ ಹಸುಗಳ ಹಿಂಡೊಂದಿತ್ತೆಂದೂ ಅದು ಮೈಸೂರಿನ ಅರಸರ ಕೈಸೇರಿತೆಂದೂ ಹೇಳುತ್ತಾರೆ. ೧೬೭೨ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಈ ಹಿಂಡುಗಳಿಗಾಗಿ ‘ಬೆಣ್ಣೆಚಾವಡಿ’ ಎಂಬ ಒಂದು ಇಲಾಖೆಯನ್ನೇ ಸ್ಥಾಪಿಸಿದರು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಹೆಸರಿನಲ್ಲಿರುವ ಕೆಲಸ. ಹೈದರಾಲಿಯು ಅದರ ಗುರಿಯನ್ನು ಬದಲಾಯಿಸಿದನು. ತಾನು ಗೆದ್ದ ಪಾಳೆಯಗಾರರ ಹಿಂಡುಗಳನ್ನು ಇದಕ್ಕೆ ಸೇರಿಸಿ ತೋಪು ಎಳೆಯುವ ಎತ್ತುಗಳನ್ನು ಬೆಳೆಸಲು ತೊಡಗಿದನು. ಟಿಪ್ಪುಸುಲ್ತಾನನು ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಅದು ಹೇಗೆ ನಡೆಯಬೇಕೆಂಬುದಕ್ಕೆ ಒಂದು ಹುಕುಂನಾಮೆಯನ್ನು ಹೊರಡಿಸಿದನು. ಬೆಣ್ಣೆಯಿಂದ ಅಮೃತಕ್ಕೆ ಏರಿದ ಈ ಇಲಾಖೆಯಿಂದ ಮುಂದೆ ಹೊರಬಂದುದು ಮಾತ್ರ ಯುದ್ಧದ ವೇಗ.

ಆ ವೇಗ ಎಂತಹದೆಂಬುದಕ್ಕೆ ಕೆಲವು ಅಂಕಿಗಳು ಸಾಕು. ೧೭೮೧ರಲ್ಲಿ ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ ೧೦೦ ಮೈಲಿ ನಡೆದನು. ಯುದ್ಧದಲ್ಲಿ ಸೋತಾಗಲೂ ತನ್ನ ತೋಪುಗಳನ್ನು ಶತ್ರುವಿನ ಕಣ್ಣೆದುರಿಗೇ ಎಳೆಸಿಕೊಂಡು ಹೋಗುತ್ತಿದ್ದನು. ೧೭೮೩ರಲ್ಲಿ ಬಿದನೂರು ಇಂಗ್ಲಿಷರ ವಶವಾದಾಗ ಟಿಪ್ಪುವು ಪೂರ್ವತೀರದಿಂದ ಹೊರಟು ಒಂದು ತಿಂಗಳಿನಲ್ಲಿ ದಕ್ಷಿಣದೇಶವನ್ನು ಅಡ್ಡಹಾದು ಬಂದು ಅದನ್ನು ಮರಳಿ ಪಡೆದನು. ೧೭೯೦ರಲ್ಲಿ ಜನರಲ್ ಮೆಡೋಸನ ಮುಂದೆ ಎರಡು ದಿನಗಳಲ್ಲಿ ೬೩ ಮೈಲಿ ಸಾಗಿದನು. ಆಮೇಲೆ ಇದೇ ಎತ್ತುಗಳು ಇಂಗ್ಲಿಷರ ಪಾಲಾದಾಗ, ಪೇಷ್ವೆಯನ್ನು ಬೆನ್ನಟ್ಟಿದ ಜನರಲ್ ಪ್ರಿಟ್ಜ್ಲರನ ದಂಡು ೨೫ ದಿನಗಳಲ್ಲಿ ೩೪೬ ಮೈಲಿ ನಡೆಯಿತು. ಸಾಧಾರಣ ಗಾಡಿಯೆತ್ತಿಗೆ ದಿನಕ್ಕೆ ಹತ್ತು ಹನ್ನೆರಡು ಮೈಲಿಯೇ ಬಹಳವೆನಿಸುವಾಗ, ಹೊರೆಯೊಡನೆ ಮೂವತ್ತು ನಲವತ್ತು ಮೈಲಿ ನಡೆಯುವುದು ಇವಕ್ಕೆ ಹೇಗೆ ಬಂದಿತು? ತಳಿಯ ಗುಣವೆಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವುದು ವಾಡಿಕೆ. ಆ ಉತ್ತರದಲ್ಲಿ ಸತ್ಯದ ಒಂದು ಭಾಗ ಮಾತ್ರ ಇದೆ. ಉಳಿದ ಭಾಗವನ್ನು ಕಾವಲಿನಲ್ಲಿ ಹುಡುಕಬೇಕು.

ಕಾವಲುಗಳು ಮೂರು ಬಗೆ: ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಗೆಯ ಕಾವಲುಗಳು ಸಾಮಾನ್ಯವಾಗಿ ಕೆರೆಯಂಗಳಗಳು. ನೀರು ಇಂಗಿದ ಮೇಲೂ ಅಲ್ಲಿ ಹಸುರು ಉಳಿದಿರುತ್ತದೆ, ನೆರಳಿಗೆ ಮರಗಳಿರುತ್ತವೆ. ಅಂತಹವು ವಿರಳವಾದುದರಿಂದ ಅವುಗಳ ರಕ್ಷಣೆಗೆ ವಿಶೇಷ ಕಟ್ಟುನಿಟ್ಟು. ಮಳೆ ಬಿದ್ದೊಡನೆ ಹಿಂಡುಗಳು ಅಲ್ಲಿಂದ ಹೊರಟು ಬೇರೆ ಕಾವಲಿಗೆ ಸಾಗಬೇಕು. ಚಳಿ ಬಂದಾಗ ಮತ್ತೊಂದಕ್ಕೆ. ಹೀಗೆ ವರ್ಷವೆಲ್ಲ ಒಂದು ನಡೆ. ಈ ದನಗಳಿಗೆ ಕೊಟ್ಟಿಗೆಯಿಲ್ಲ. ಮಳೆ ಬಿಸಿಲು ಚಳಿಗಳೆಲ್ಲವೂ ಬಯಲಿನಲ್ಲಿಯೇ. ಮುಂದಿಟ್ಟ ಬುಟ್ಟಿಯ ಮೇವನ್ನು ತಿನ್ನುವ ಅಭ್ಯಾಸವಿಲ್ಲ. ಒಂದು ಹೊಟ್ಟೆ ಹುಲ್ಲಿಗೆ ಬಹುದೂರ ನಡೆಯಬೇಕು, ನೀರಿಗೆ ಮತ್ತಷ್ಟು ನಡೆಯಬೇಕು. ತಾಯಿಯ ಬೆನ್ನಹಿಂದೆ ಕರುವೂ ನಡೆಯುತ್ತದೆ. ಹಸುವನ್ನು ಕರೆಯುವ ಪದ್ಧತಿ ಇಲ್ಲದುದರಿಂದ ಇದ್ದಷ್ಟು ಹಾಲೆಲ್ಲ ಕರುವಿಗೇ ಸಲ್ಲುತ್ತದೆ. ಇಂತಹ ಕರು ನೊಗವನ್ನು ಕಾಣುವ ಹೊತ್ತಿಗೆ ನಾಲ್ಕೈದು ವರ್ಷಗಳ ಕಾಲ ಪ್ರತಿದಿನವೂ ನಡೆದಿರುತ್ತದೆ. ನಡೆಯುವುದನ್ನು ಅದಕ್ಕೆ ಯಾರೂ ಕಲಿಸಲಿಲ್ಲ; ನೆಲವೇ ಕಲಿಸಿತು. ನಡೆದಲ್ಲದೆ ಬದುಕಲಾಗದಂತಹ ಸ್ಥಳದಲ್ಲಿ ಅದನ್ನು ಇರಿಸಿದುದಷ್ಟೇ ಮನುಷ್ಯನು ಮಾಡಿದ ಕೆಲಸ.

ನೆಲವು ಕಲಿಸಲಾರದುದು ನೊಗದ ಶಿಸ್ತು. ಅದಕ್ಕಾಗಿ ಬೇರೊಂದು ಏರ್ಪಾಡಿತ್ತು. ಹತ್ತೊಂಬತ್ತನೆಯ ಶತಮಾನದ ವರದಿಗಳಿಂದ ಅದರ ಕ್ರಮವು ತಿಳಿಯುತ್ತದೆ. ಹೋರಿಗಳನ್ನು ಮೂರರಿಂದ ಐದು ವರ್ಷದೊಳಗೆ ಚಳಿಗಾಲದಲ್ಲಿ ಬೀಜ ಒಡೆದು, ಹಿಂಡಿನಿಂದ ಬೇರ್ಪಡಿಸಿ ತರಬೇತಿಗೆ ಒಯ್ಯುತ್ತಿದ್ದರು. ಕಂಪೆನಿಯ ಕಾಲದಲ್ಲಿ ಹುಣಸೂರು ಇದರ ಮುಖ್ಯಸ್ಥಳ. ಅದುವರೆಗೆ ಮನುಷ್ಯನ ಕೈಸೋಕದೆ ಬೆಳೆದ ಈ ಹೋರಿಗಳು ಹುಲಿಯಂತೆ ಉಗ್ರ. ಅವನ್ನು ದೊಡ್ಡಿಗೆ ಅಟ್ಟಿ, ಕೊಂಬಿಗೆ ಹಗ್ಗಹಾಕಿ, ಗಟ್ಟಿಯಾದ ಗೂಟಕ್ಕೆ ಕಟ್ಟುವುದು ಮೊದಲ ಹೆಜ್ಜೆ. ಬಳಿಕ ಪಳಗಿದ ಹಳೆಯ ಎತ್ತಿನೊಡನೆ ಜೊತೆಗೂಡಿಸುತ್ತಿದ್ದರು. ಹೊಸದು ಎಳೆದರೆ ಹಳೆಯದು ನಿಲ್ಲುತ್ತದೆ. ಹೊಸದು ಮೊಂಡು ಹಿಡಿದರೆ ಹಳೆಯದು ನಡೆಯುತ್ತದೆ. ಚಾವಟಿಗಿಂತ ಈ ಜೊತೆಗಾರನೇ ಹೆಚ್ಚು ಕಲಿಸುತ್ತಿದ್ದನೆಂದು ಎಣಿಸಬಹುದು. ಆಮೇಲೆ ಹಗುರವಾದ ಎಳೆತ, ಅನಂತರ ಬರಿಯ ಗಾಡಿ, ಅನಂತರ ಹೊರೆಯ ಗಾಡಿ, ಕಟ್ಟಕಡೆಗೆ ತೋಪು. ಆರೇಳು ವರ್ಷಕ್ಕೆ ಎತ್ತು ಕೆಲಸಕ್ಕೆ ಸಿದ್ಧ, ಹನ್ನೆರಡರವರೆಗೆ ಪೂರ್ಣಬಲ, ಹದಿನಾಲ್ಕು ಹದಿನೈದರವರೆಗೂ ದುಡಿತ. ಕಲಿಕೆಗೆ ಒಂದೆರಡು ವರ್ಷ ಹಿಡಿದರೂ ಅದರ ಫಲವನ್ನು ಎಂಟು ವರ್ಷ ಉಣ್ಣಬಹುದಾಗಿತ್ತು.

ಎತ್ತುಗಳಿಗೆ ಹೇಗೋ ಹಾಗೆಯೇ ಅವನ್ನು ಕಾಯುವ ಮನುಷ್ಯರಿಗೂ ಒಂದು ಕಟ್ಟಳೆಯಿತ್ತೆಂಬುದನ್ನು ನಾವು ಮರೆಯಬಾರದು. ಯಾವ ಹಿಂಡು ಯಾವ ಕಾವಲಿನಲ್ಲಿ ಯಾವಾಗ ಇರಬೇಕು, ಅದಕ್ಕೆ ಹೊಣೆಗಾರರು ಯಾರು, ಕರುಗಳ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂಬುದೆಲ್ಲ ಗೊತ್ತಾಗಿದ್ದಿತು. ಟಿಪ್ಪುವು ವರ್ಷಕ್ಕೊಮ್ಮೆ ಹಿಂಡುಗಳ ಹಾಜರಿಯನ್ನು ತೆಗೆಸುತ್ತಿದ್ದನು. ಕೆಲವು ಸಲ ತಾನೇ ಬಂದು ನೋಡಿ, ಚೆನ್ನಾಗಿ ನಡೆಸಿದವರಿಗೆ ಇನಾಮು ಕೊಡುತ್ತಿದ್ದನು. ಆತನನ್ನು ಸೋಲಿಸಿದ ಇಂಗ್ಲಿಷ್ ಅಧಿಕಾರಿಗಳು ಕೂಡ ಆತನ ಹುಕುಂನಾಮೆಯನ್ನು ಬಹಳ ಮೆಚ್ಚಿದರು. ತಲೆಮಾರುಗಳಿಂದ ಇದೇ ಕೆಲಸದಲ್ಲಿದ್ದ ಗೋವಳರಿಗೆ ಹುಲ್ಲಿನ ಗುಣ, ಮಳೆಯ ಹದ, ದನದ ಕಣ್ಣಿನಲ್ಲಿ ಕಾಣುವ ರೋಗ ಇವೆಲ್ಲ ಕರಗತವಾಗಿದ್ದುವು. ಹೊರಗಿನವರನ್ನು ಕಂಡರೆ ಕೊಂಬು ಬಾಗಿಸುವ ಈ ದನಗಳು ತಮ್ಮ ಗೋವಳನ ಕೂಗಿಗೆ ಓಡಿಬರುತ್ತವೆ. ಗೋವಳನ ಮಗನು ಈ ವಿದ್ಯೆಯನ್ನು ಶಾಲೆಯಲ್ಲಿ ಕಲಿಯಲಿಲ್ಲ. ಹಿಂಡಿನ ಹಿಂದೆ ತಂದೆಯೊಡನೆ ನಡೆಯುತ್ತ ಕಲಿತನು. ಹೋರಿಗೆ ಪಳಗಿದ ಎತ್ತು ಜೊತೆಯಾದಂತೆ ಆತನಿಗೆ ತಂದೆಯು ಜೊತೆ.

ಇಷ್ಟನ್ನು ಕೇಳಿದ ಮೇಲೂ ಸಂಶಯಾತ್ಮನು, ‘ಇವೆಲ್ಲ ಅಲಂಕಾರ, ಮೂಲದಲ್ಲಿ ರಕ್ತವೇ ಕಾರಣ’ ಎಂದು ವಾದಿಸಬಹುದು. ಚರಿತ್ರೆಯು ಈ ವಾದವನ್ನು ಎರಡು ಸಲ ಪರೀಕ್ಷೆಗೆ ಒಡ್ಡಿದೆ.

ಮೊದಲ ಪರೀಕ್ಷೆ ನಡೆದುದು ೧೭೯೯ರಿಂದ ೧೮೧೩ರವರೆಗೆ. ಟಿಪ್ಪುವಿನ ಪತನಾನಂತರ ಇಲಾಖೆಯನ್ನು ಮೈಸೂರು ಸರ್ಕಾರದ ಆಡಳಿತಕ್ಕೆ ಬಿಟ್ಟರು. ದನಗಳು ಅವೇ, ತಳಿ ಅದೇ, ಕಾವಲುಗಳೂ ಅವೇ. ಸಡಿಲವಾದುದು ಮೇಲ್ವಿಚಾರಣೆ ಒಂದೇ. ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ದನಗಳ ಸಂಖ್ಯೆಯೂ ಗುಣವೂ ಇಳಿದುಹೋದುವು. ೧೮೧೩ರಲ್ಲಿ ಮದರಾಸಿನ ಕಮಿಸರಿಯಟ್ ಇಲಾಖೆಯ ಕ್ಯಾಪ್ಟನ್ ಹಾರ್ವೆಯು ಇದರ ಹೊಣೆ ಹೊತ್ತನು. ಆತನು ಹೊಸ ತಳಿಯನ್ನೇನೂ ಸೀಮೆಯಿಂದ ತರಿಸಲಿಲ್ಲ. ಹಳೆಯ ಕಟ್ಟಳೆಯನ್ನು ಮತ್ತೆ ಜಾರಿಗೆ ತಂದನು. ಹತ್ತು ವರ್ಷಗಳಲ್ಲಿ ಹಿಂಡು ಸುಮಾರು ಎರಡರಷ್ಟಾಯಿತು, ಗುಣವೂ ಮರಳಿತು. ರಕ್ತವೊಂದೇ ಕಾರಣವಾಗಿದ್ದರೆ ಮೊದಲಿನ ಇಳಿತವೂ ಆಗಬಾರದಾಗಿತ್ತು, ಅನಂತರದ ಏರಿಕೆಯೂ ಆಗಬಾರದಾಗಿತ್ತು.

ಎರಡನೆಯ ಪರೀಕ್ಷೆಯು ೧೮೬೦ರದು. ಮದರಾಸಿನ ಗವರ್ನರನಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ನನ ಕಾಲದಲ್ಲಿ, ಖರ್ಚಿನ ಉಳಿತಾಯಕ್ಕೆಂದು ಅಮೃತಮಹಲನ್ನು ಮುಚ್ಚಿ ಹಿಂಡುಗಳನ್ನು ಹರಾಜು ಹಾಕಿದರು. ದಂಡಿಗೆ ಎತ್ತು ಬೇಕಾದರೆ ಸಂತೆಯಲ್ಲಿ ಕೊಂಡರಾಯಿತು ಎಂಬುದು ಆಗಿನ ಅರ್ಥಶಾಸ್ತ್ರ. ಕೆಲವೇ ವರ್ಷಗಳಲ್ಲಿ ಸಂತೆಯ ಎತ್ತಿನ ಬೆಲೆ ಏರಿತು, ಬೇಕಾದ ಗುಣದ ಎತ್ತು ದೊರೆಯದಾಯಿತು. ೧೮೬೬ರ ಹೊತ್ತಿಗೆ ಸರ್ಕಾರವು ಚದರಿಹೋದ ಹಿಂಡುಗಳಿಂದ ದನಗಳನ್ನು ಆರಿಸಿ ತಂದು ಇಲಾಖೆಯನ್ನು ಪುನಃ ಕಟ್ಟಬೇಕಾಯಿತು. ಒಂದು ಹರಾಜಿನಲ್ಲಿ ಕಳೆದುದನ್ನು ಕೂಡಿಸಲು ವರ್ಷಗಳು ಹಿಡಿದುವು. ಎತ್ತನ್ನು ಸಂತೆಯಲ್ಲಿ ಕೊಳ್ಳಬಹುದು. ಎತ್ತಿನ ಐದು ವರ್ಷದ ನಡಿಗೆಯನ್ನು ಕೊಳ್ಳಲಾಗದು ಎಂಬುದನ್ನು ಸರ್ಕಾರವು ದುಬಾರಿ ಬೆಲೆ ತೆತ್ತು ಕಲಿಯಿತು.

ಹಾಗೆಂದು ರಕ್ತಕ್ಕೆ ಏನೂ ಪಾಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಅಮೃತಮಹಲಿನ ಮೂಲವು ಹಳ್ಳಿಕಾರ್ ತಳಿಯಾಗಿರದೆ ದಪ್ಪಮೈಯ ಜಡಜಾತಿಯಾಗಿದ್ದಿದ್ದರೆ ಯಾವ ಕಾವಲೂ ಅದನ್ನು ದಿನಕ್ಕೆ ನಲವತ್ತು ಮೈಲಿ ನಡೆಸುತ್ತಿರಲಿಲ್ಲ. ಒಳ್ಳೆಯ ಹೋರಿಯನ್ನು ಆರಿಸಿ ಕೆಟ್ಟುದನ್ನು ಕಳೆಯುವ ಕೆಲಸವೂ ತಲೆಮಾರುಗಳ ಕಾಲ ನಡೆದಿದೆ. ಆದರೂ ಹಳ್ಳಿಕಾರ್ ಎತ್ತನ್ನೂ ಅಮೃತಮಹಲ್ ಎತ್ತನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದವರು ಒಂದು ವಿಶೇಷವನ್ನು ಬಲ್ಲರು. ಎರಡಕ್ಕೂ ಹಿಂದಕ್ಕೆ ಬಾಗಿದ ಅದೇ ನೀಳಗೊಂಬು, ಅದೇ ಬೂದುಬಣ್ಣ, ಅದೇ ಬಿಗಿಯಾದ ಮೈಕಟ್ಟು. ರೈತನ ಮನೆಯಲ್ಲಿ ಹೆಂಗಸರು ಮಕ್ಕಳ ಕೈಯಲ್ಲಿ ಬೆಳೆದ ಮೊದಲನೆಯದು ಸಾಧುವಾಗಿ ಉಳುಮೆಗೆ ಒಗ್ಗಿತು. ಬಯಲಿನಲ್ಲಿ ಬೆಳೆದ ಎರಡನೆಯದು ಕಾಡುತನವನ್ನೂ ದೂರದ ನಡಿಗೆಯನ್ನೂ ಉಳಿಸಿಕೊಂಡಿತು. ಬೇರು ಒಂದೇ, ಬೆಳೆದ ಆವರಣ ಬೇರೆ, ಬಂದ ಅಭ್ಯಾಸವೂ ಬೇರೆ. ಆದುದರಿಂದ ನಮ್ಮ ಎರಡು ಗಾದೆಗಳ ವ್ಯಾಜ್ಯದಲ್ಲಿ ಹೀಗೆ ತೀರ್ಪು ಹೇಳಬಹುದು: ಹುಟ್ಟು ಒಂದು ಸಾಧ್ಯತೆಯನ್ನು ಕೊಡುತ್ತದೆ, ಅದನ್ನು ನಿತ್ಯದ ಶಕ್ತಿಯಾಗಿ ಮಾಡುವುದು ನೆಲವೂ ಕಟ್ಟಳೆಯೂ ಸೇರಿ. ಈ ಎರಡರಲ್ಲಿ ಒಂದು ತಪ್ಪಿದರೂ ಮೂರನೆಯದು ಕೈಕೊಡುತ್ತದೆ.

ಇದು ಬರಿಯ ಹಳೆಯ ಕಥೆಯಾಗಿದ್ದರೆ ನಾವು ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ರೈಲೂ ಮೋಟಾರೂ ಬಂದ ಮೇಲೆ ದಂಡಿಗೆ ಎತ್ತು ಬೇಡವಾಯಿತು. ೧೯೨೩ರಲ್ಲಿ ಅಮೃತಮಹಲು ಸೇನಾ ಇಲಾಖೆಯಿಂದ ವ್ಯವಸಾಯ ಇಲಾಖೆಗೆ ಬಂದಿತು. ಇಂದು ಅಜ್ಜಂಪುರದಲ್ಲಿ ತಳಿಸಂವರ್ಧನ ಕೇಂದ್ರವಿದ್ದು, ಬೀರೂರು, ಲಿಂಗದಹಳ್ಳಿ, ಬಾಸೂರು ಮೊದಲಾದ ಕಡೆಗಳಲ್ಲಿ ಅದರ ಶಾಖೆಗಳಿವೆ. ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆದಾಗ ದೂರದೂರದ ರೈತರು ಬಂದು ಹೆಚ್ಚಿನ ಬೆಲೆಗೆ ಕೂಗುತ್ತಾರೆ. ತಳಿಯ ಮೇಲೆ ಜನಕ್ಕಿರುವ ಅಭಿಮಾನವು ಕುಂದಿಲ್ಲ.

ಕುಂದಿರುವುದು ಕಾವಲು. ಹತ್ತೊಂಬತ್ತನೆಯ ಶತಮಾನದಲ್ಲಿ ನಾಲ್ಕು ಲಕ್ಷ ಎಕರೆಗೂ ಮೀರಿದ್ದ ಅಮೃತಮಹಲಿನ ನೆಲದಲ್ಲಿ ಈಗ ಇಲಾಖೆಯ ವಶದಲ್ಲಿರುವುದು ಸುಮಾರು ಆರನೆಯ ಒಂದು ಪಾಲು. ೧೯೪೦ರ ದಶಕದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿಯಲ್ಲಿ ಬಹಳಷ್ಟು ಕಾವಲು ಸಾಗುವಳಿಗೆ ಹೋಯಿತು. ಹಸಿದ ಜನಕ್ಕೆ ಅನ್ನ ಬೇಕಾಗಿದ್ದ ಕಾಲದಲ್ಲಿ ಅದನ್ನು ತಪ್ಪೆನ್ನುವುದು ಸುಲಭವಲ್ಲ. ಆಮೇಲೆ ನೆಡುತೋಪುಗಳಿಗೆಂದು, ವಸತಿಗಳಿಗೆಂದು ಮತ್ತಷ್ಟು ಹೋಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ಈ ಶತಮಾನದ ಮೊದಲ ದಶಕದ ಕೊನೆಯಿಂದೀಚೆಗೆ, ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸಾವಿರಾರು ಎಕರೆ ಕಾವಲನ್ನು ಕೊಡಲಾಯಿತು. ಸುತ್ತಲಿನ ದನಗಾಹಿಗಳ ಆಕ್ಷೇಪಣೆಯು ಹಸುರು ನ್ಯಾಯಾಧಿಕರಣದವರೆಗೂ ಹೋಯಿತು. ಪ್ರತಿಯೊಂದು ಸಲವೂ ಹೇಳಿದ ಕಾರಣ ಹೆಚ್ಚುಕಡಮೆ ಒಂದೇ: ಅಲ್ಲಿ ಏನೂ ಇಲ್ಲ, ಬರಿಯ ಹುಲ್ಲು.

ಅಲ್ಲೇನಿದೆ ಎಂಬುದನ್ನು ತಿಳಿಯಬೇಕಾದರೆ ಕಡೂರು ತಾಲ್ಲೂಕಿನ ಬಾಸೂರಿಗೆ ಹೋಗಬೇಕು. ಅಲ್ಲಿನ ಅಮೃತಮಹಲ್ ಕಾವಲಿನ ೭೩೬ ಹೆಕ್ಟೇರನ್ನು ೨೦೧೧ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರವು ಘೋಷಿಸಿತು. ದನಗಳಿಗಾಗಿ ಕಾದಿಟ್ಟ ಹುಲ್ಲಿನಲ್ಲಿ ಕೃಷ್ಣಮೃಗಗಳು ಉಳಿದಿವೆ; ಅವನ್ನು ನಂಬಿದ ತೋಳಗಳೂ ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳೂ ಉಳಿದಿವೆ. ಚಿಕ್ಕದೇವರಾಜರಿಗಾಗಲಿ ಟಿಪ್ಪುವಿಗಾಗಲಿ ಕೃಷ್ಣಮೃಗದ ಯೋಚನೆಯಿರಲಿಲ್ಲ. ಒಂದು ಒಳ್ಳೆಯ ಕಟ್ಟಳೆಯನ್ನು ದೀರ್ಘಕಾಲ ನಡೆಸಿದರೆ ಅದರ ಆಶ್ರಯದಲ್ಲಿ ನೆನೆಯದ ಫಲಗಳೂ ಬೆಳೆಯುತ್ತವೆ.

ವಿಜ್ಞಾನಿಗಳು ಇಂದು ಹೋರಿಯ ವೀರ್ಯವನ್ನು ಶೀತಲದಲ್ಲಿಟ್ಟು ಬಹುಕಾಲ ಕಾಪಾಡಬಲ್ಲರು. ಅದು ಅವಶ್ಯಕವಾದ ಕೆಲಸವೇ. ಆದರೆ ಹಾಗೆ ಉಳಿಯುವುದು ಹುಟ್ಟುಗುಣವಷ್ಟೇ. ಕಟ್ಟಿಹಾಕಿ ಮೇವು ಹಾಕುವ ಕೊಟ್ಟಿಗೆಯಲ್ಲಿ ಆ ಬೀಜದಿಂದ ಹುಟ್ಟಿದ ಕರುವಿಗೆ ಕೊಂಬು ಬಂದೀತು, ಬಣ್ಣ ಬಂದೀತು, ನಡಿಗೆ ಬರಲಾರದು. ಗೋವಳನ ಮಗನು ಪಟ್ಟಣದಲ್ಲಿ ಬೇರೆ ಉದ್ಯೋಗ ಹಿಡಿದರೆ ಹುಲ್ಲನ್ನೂ ಮಳೆಯನ್ನೂ ಓದುವ ವಿದ್ಯೆಯು ಒಂದು ತಲೆಮಾರಿನಲ್ಲಿ ಮುಗಿದುಹೋಗುತ್ತದೆ. ಅದನ್ನು ಶೀತಲದಲ್ಲಿಡುವ ಯಂತ್ರವಿಲ್ಲ. ಆದುದರಿಂದ ತಳಿಯನ್ನು ಉಳಿಸುತ್ತೇವೆಂದು ಹೇಳುವ ಸರ್ಕಾರವು ಉಳಿದ ಕಾವಲುಗಳ ಎಲ್ಲೆಗಳನ್ನು ಗುರುತಿಸಿ ಭದ್ರಪಡಿಸುವುದನ್ನೂ, ಗೋವಳರ ಜೀವನಕ್ಕೆ ಗೌರವವಾದ ಆಧಾರವನ್ನು ಕಲ್ಪಿಸುವುದನ್ನೂ ಅದೇ ಕೆಲಸದ ಭಾಗವೆಂದು ಎಣಿಸಬೇಕು.

ಕಲಿಸುವ ವೃತ್ತಿಯಲ್ಲಿರುವ ನಮಗೆ ಈ ಚರಿತ್ರೆಯಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ. ಮಕ್ಕಳು ಓದುವುದಿಲ್ಲ, ಏಕಾಗ್ರತೆಯಿಲ್ಲ, ಕನ್ನಡವನ್ನು ಶುದ್ಧವಾಗಿ ಬರೆಯಲಾರರು ಎಂದು ನಗರದ ಮನೆಮನೆಯಲ್ಲೂ ದೂರು ಕೇಳುತ್ತೇವೆ. ದೂರಿನ ಜೊತೆಗೆ ಉಪದೇಶವೂ ಧಾರಾಳವಾಗಿ ನಡೆಯುತ್ತದೆ. ಆದರೆ ಆ ಮನೆಯಲ್ಲಿ ಓದಲು ಒಂದು ಮೂಲೆ, ಅದಕ್ಕೆಂದು ಗೊತ್ತಾದ ಒಂದು ಹೊತ್ತು, ಕೈಗೆಟಕುವ ನಾಲ್ಕು ಪುಸ್ತಕ, ಜೊತೆಯಲ್ಲಿ ಕುಳಿತು ತಾನೂ ಓದುವ ಒಬ್ಬ ಹಿರಿಯರು ಇದ್ದಾರೆಯೇ ಎಂದು ಕೇಳಿದರೆ ಉತ್ತರ ಬರುವುದು ತಡವಾಗುತ್ತದೆ. ಮೂಲೆ ಮತ್ತು ಪುಸ್ತಕಗಳು ಆ ಮಗುವಿನ ಕಾವಲು. ಗೊತ್ತಾದ ಹೊತ್ತು ಅದರ ಹುಕುಂನಾಮೆ. ಜೊತೆಗೆ ಕುಳಿತ ಹಿರಿಯರೇ ಪಳಗಿದ ಎತ್ತು. ಇವು ದಿನವೂ ತಪ್ಪದೆ ಇದ್ದರೆ ಉಪದೇಶಕ್ಕೆ ಹೆಚ್ಚು ಕೆಲಸವಿರುವುದಿಲ್ಲ.

೧೭೯೯ರ ಅನಂತರದ ಹದಿನಾಲ್ಕು ವರ್ಷಗಳಲ್ಲಿ ಯಾರೂ ಅಮೃತಮಹಲನ್ನು ಕೆಡಿಸಬೇಕೆಂದು ಹೊರಟಿರಲಿಲ್ಲ. ಹಾಜರಿ ತೆಗೆಯುವುದು ನಿಂತಿತು, ಕೇಳುವವರು ಕಡಮೆಯಾದರು, ಅಷ್ಟೆ. ಹಾರ್ವೆಯು ಮಾಡಿದುದು ಮತ್ತೆ ಕೇಳತೊಡಗಿದುದು. ಬೀರೂರಿನಿಂದ ಅಜ್ಜಂಪುರದ ಕಡೆಗೆ ಹೋಗುವವರು ರೈಲಿನ ಕಿಟಕಿಯಿಂದ ಆ ಬಯಲನ್ನು ನೋಡಿದಾಗ, ಅದು ಯಾರೂ ಬಳಸದೆ ಬಿಟ್ಟ ನೆಲವೆಂದು ತಿಳಿಯದಿರಲಿ. ಬಹಳ ಜನರು ಬಹಳ ಕಾಲ ಕಾದು ಉಳಿಸಿದ ನೆಲವದು. ಕಾಯುವ ಸರದಿ ಈಗ ನಮ್ಮದು.